ಜಗಳೂರಿನವರು ವಿಚಾರಿಸಲು ಬಂದದ್ದು

ಸವಳಂಗ
1 ಸೆಪ್ಟೆಂಬರ್ 2024

ಅಕ್ಷಿತಾ,

ಓದುವ ಮೊದಲು ನೆಟ್ಟಗೆ ಕೂತುಕೋ. ಮಂಚದ ಮೇಲೆ ಅಡ್ಡಬಿದ್ದು, ಒಂದು ಕಣ್ಣು ಮೊಬೈಲಿನಲ್ಲಿ, ಇನ್ನೊಂದು ಕಣ್ಣು ನನ್ನ ಕಾಗದದಲ್ಲಿ ಇಟ್ಟು ಓದುವುದಾದರೆ ಓದಲೇ ಬೇಡ, ಮಡಚಿ ಇಡು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಬರೆದದ್ದನ್ನು ಬಿ.ಕಾಂ. ಓದಿದವಳು ನೆಟ್ಟಗೆ ಕೂತು ಓದಿದರೆ ಡಿಗ್ರಿ ಏನೂ ಸವೆಯುವುದಿಲ್ಲ.

ನಿನ್ನ ಕಾಗದವನ್ನು ಪೋಸ್ಟಿನ ರಂಗಣ್ಣ ನನ್ನ ಪಿಂಚಣಿಯ ಜೊತೆ ಸೇರಿಸಿ ಕೈಗೆ ಕೊಟ್ಟ. ಹಾಗಾಗಿ ಮನೆಯಲ್ಲಿ ಯಾರೂ ಕೇಳಲಿಲ್ಲ. ಒಳಗೆ ಇದ್ದದ್ದು ಅಂಗೈ ಅಗಲದ ಬರಹ. ಟ್ರಂಕಿನಲ್ಲಿರುವ ನನ್ನ ಮಾರ್ಕ್ಸ್ ಕಾರ್ಡುಗಳನ್ನು ಅಪ್ಪನಿಗೆ ಗೊತ್ತಾಗದಂತೆ ತೆಗೆದು ರಿಜಿಸ್ಟರ್ ಪೋಸ್ಟ್ ಮಾಡು, ಏನೂ ಕೇಳಬೇಡ ಎಂದು. ಏನೂ ಕೇಳಬೇಡ ಎಂದರೆ ಏನರ್ಥ? ನಾನೇನು ನಿಮ್ಮ ಆಫೀಸಿನ ಜವಾನಳೇ?

ನೀನು ಹೇಳದಿದ್ದರೂ ನನಗೆ ತಿಳಿಯಿತು. ಮದುವೆಗೆ ಯಾರೂ ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ. ಬೇರೆ ಕೆಲಸ ಹುಡುಕುತ್ತಿದ್ದೀಯ. ಅದೂ ಮಲ್ಲೇಶಪ್ಪನ ಅಡಿಕೆ ಮಂಡಿಯಲ್ಲಿ ಕೂತುಕೊಂಡು, ಅವನಿಗೆ ಬಿಲ್ಲು ಬರೆದುಕೊಡುತ್ತಲೇ. ನಿಮ್ಮಪ್ಪನಿಗೆ ಗೊತ್ತಾದರೆ ಏನಾಗುತ್ತದೆ ಎಂದು ನಿನಗೂ ಗೊತ್ತು. ಆ ಕೆಲಸ ಕೊಡಿಸಿದವನೇ ಅವನು. ವಾರಕ್ಕೊಮ್ಮೆ ಮಲ್ಲೇಶಪ್ಪನಿಗೆ ಫೋನು ಮಾಡದಿದ್ದರೆ ಅವನಿಗೆ ಊಟ ರುಚಿಸುವುದಿಲ್ಲ. ಇನ್ನು ನೀನು ನಮಗೆ ಫೋನು ಮಾಡಿದರೆ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾನೆ. ಅದಕ್ಕೇ ಕಾಗದ ಬರೆದೆ, ಸರಿ. ಅಷ್ಟು ಬುದ್ಧಿ ಇದೆ.

ಈಗ ಕೇಳು. ಟ್ರಂಕು ತೆಗೆದೆ. ನಿಮ್ಮಮ್ಮ ಅನ್ನಪೂರ್ಣ ಕೇಳಿದ್ದಕ್ಕೆ ನನ್ನ ಹಳೇ ಸೀರೆ ಹುಡುಕುತ್ತಿದ್ದೇನೆ ಎಂದೆ. ಮಾರನೇ ದಿನ ಕಣ್ಣಿನ ಡ್ರಾಪ್ಸ್ ತರುವ ನೆಪ ಹೇಳಿ ನ್ಯಾಮತಿಗೆ ಹೋಗಿ ಎಲ್ಲವನ್ನೂ ಜೆರಾಕ್ಸ್ ಮಾಡಿಸಿದೆ. ಈ ಕಾಗದದ ಜೊತೆ ಇರುವುದು ಜೆರಾಕ್ಸು. ಅಸಲು ನನ್ನ ದಿಂಬಿನ ಕೆಳಗಿದೆ. ಯಾವ ಕೆಲಸ, ಯಾವ ಊರು, ಇರುವುದನ್ನು ಯಾಕೆ ಬಿಡುತ್ತೀಯ, ಮೂರಕ್ಕೂ ಉತ್ತರ ಬಂದ ಮೇಲೆ ಅಸಲು ಬರುತ್ತದೆ.

ಊಟ ಮಾಡು. ಹೋದ ಸಲ ಬಂದಾಗ ಕತ್ತಿನ ಮೂಳೆ ಕಾಣುತ್ತಿತ್ತು.

ನಿನ್ನ ಅಜ್ಜಿ
ಭೀಮಕ್ಕ


ಚನ್ನಗಿರಿ
10 ಸೆಪ್ಟೆಂಬರ್ 2024

ಅಜ್ಜಿ,

ನೆಟ್ಟಗೆ ಕೂತೇ ಓದಿದೆ. ರೂಮಿನಲ್ಲಿರುವ ರಮ್ಯಶ್ರೀ ‘ಏನೇ, ಕೋರ್ಟ್ ನೋಟಿಸ್ ಬಂತಾ?’ ಎಂದು ಕೇಳಿದಳು. ಅಸಲು ದಿಂಬಿನ ಕೆಳಗೆ ಇಡಬೇಡ, ಮಡಿಕೆ ಬೀಳುತ್ತದೆ.

ನೀನು ಕೇಳಿದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಮಲ್ಲೇಶಪ್ಪನವರು ಒಳ್ಳೆಯವರೇ. ಮಂಡಿಗೆ ಯಾರೇ ಬರಲಿ, ‘ಇವಳು ನಮ್ಮ ಮನೆ ಮಗಳಿದ್ದಂಗೆ’ ಎನ್ನುತ್ತಾರೆ. ತೊಂದರೆ ಇರುವುದು ಅಲ್ಲೇ. ಮನೆ ಮಗಳಿಗೆ ಭಾನುವಾರ ರಜೆ ಬೇಡ. ಮನೆ ಮಗಳು ಬಿಲ್ಲು ಬರೆದಾದ ಮೇಲೆ ಅವರ ಮೊಮ್ಮಕ್ಕಳಿಗೆ ಹೋಂವರ್ಕ್ ಮಾಡಿಸಬೇಕು, ಅವರ ತಾಯಿಗೆ ಮಾತ್ರೆ ತಂದುಕೊಡಬೇಕು, ಅಮಾವಾಸ್ಯೆ ಪೂಜೆಗೆ ಅಂಗಡಿ ತೊಳೆದು ರಂಗೋಲಿ ಹಾಕಬೇಕು. ನಾಲ್ಕು ವರ್ಷವಾಯಿತು. ಇಲ್ಲಿ ಕೆಲಸ ಮಾಡುತ್ತಿದ್ದೇನೆ ಎನ್ನುವುದಕ್ಕೆ ನನ್ನ ಹೆಸರಿನ ಒಂದು ಚೀಟಿ ಇಲ್ಲ. ಹೋದ ತಿಂಗಳು ಒಂದು ಪತ್ರ ಕೊಡಿ ಸರ್ ಎಂದು ಕೇಳಿದೆ. ‘ಮನೆ ಮಗಳಿಗೆ ಯಾರಾದ್ರೂ ಅಪಾಯಿಂಟ್‌ಮೆಂಟ್ ಆರ್ಡರ್ ಕೊಡ್ತಾರೇನಮ್ಮ?’ ಎಂದು ನಕ್ಕುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಬೇರೆ ಕೆಲಸ ಹುಡುಕಲು ಶುರು ಮಾಡಿದೆ.

ನನಗೆ ನನ್ನ ಹೆಸರಿನ ಆರ್ಡರ್ ಬೇಕು ಅಜ್ಜಿ. ನಾನು ಹೋಗಿ ಕೂರುವ ಟೇಬಲ್ಲು ನನ್ನದಾಗಿರಬೇಕು. ಇಷ್ಟೇ.

ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿ ಇದೆ. ಹೊನ್ನಾಳಿ ಕಡೆ. ಅರ್ಜಿ ಹಾಕಿದ್ದೇನೆ. ಕರೆದರೆ ಅಸಲು ಕಾರ್ಡು ತೋರಿಸಬೇಕು.

ಅದು ಕೈಗೆ ಸಿಗುವವರೆಗೆ ಇದನ್ನು ಬಿಡುವುದಿಲ್ಲ. ಅಪ್ಪನಿಗೆ ಮಾತ್ರ ಹೇಳಬೇಡ. ಅಪ್ಪನಿಗೆ ಹೇಳುವುದೂ ಒಂದೇ, ಮಲ್ಲೇಶಪ್ಪನವರ ಮುಂದೆ ಹೋಗಿ ನಿಲ್ಲುವುದೂ ಒಂದೇ. ಹೊಸದೂ ಸಿಗದೆ ಇರುವುದೂ ಹೋದರೆ, ಅಪ್ಪ ನನ್ನನ್ನು ಊರಿಗೆ ಕರೆಸಿ ಗಂಡು ನೋಡುತ್ತಾರೆ.

ನಿನ್ನ
ಅಕ್ಷಿತಾ


ಸವಳಂಗ
20 ಸೆಪ್ಟೆಂಬರ್ 2024

ಅಕ್ಷಿತಾ,

ಅಸಲು ಕಳಿಸಿದ್ದೇನೆ. ಎರಡು ರಟ್ಟಿನ ನಡುವೆ ಇಟ್ಟು ಹೊಲಿದಿದ್ದೇನೆ, ಕತ್ತರಿಯಿಂದ ಬಿಚ್ಚು, ಹಲ್ಲು ಹಾಕಬೇಡ.

ಮನೆ ಮಗಳಂತೆ! ಹಾಗಾದರೆ ಗೋಡೌನಿನಲ್ಲಿ ಪಾಲು ಕೊಡಿ ಎಂದು ಕೇಳಬೇಕಿತ್ತು. ಆಗ ಅವನ ನಗು ಎಲ್ಲಿ ಹೋಗುತ್ತಿತ್ತೋ ನೋಡುತ್ತಿದ್ದೆ. ನೀನೂ ಅವರ ಜೊತೆ ನಕ್ಕದ್ದು ನನಗೆ ಸರಿ ಕಾಣಲಿಲ್ಲ. ನಿನಗೆ ನಗು ಬಾರದಿದ್ದಾಗ ನಗಬೇಡ. ಅದು ನಿಮ್ಮಮ್ಮನ ಅಭ್ಯಾಸ.

ಬಿಡುವುದು ತಪ್ಪಲ್ಲ. ಇನ್ನೊಂದು ಕಡೆ ಕಾಲೂರುವ ಮುಂಚೆ ಇಲ್ಲಿಂದ ಕಾಲು ತೆಗೆಯದಿದ್ದರೆ ಸಾಕು. ಅದು ನಿನಗೇ ತಿಳಿದಿದೆ, ನಾನು ಬರೆದು ಶಾಯಿ ಯಾಕೆ ಖರ್ಚು ಮಾಡಲಿ.

ಹೊನ್ನಾಳಿ ಎಂದದ್ದು ನನಗೆ ಸಮಾಧಾನವಾಯಿತು. ಊಟದ ಹೊತ್ತಿಗೆ ಬಸ್ಸು ಹತ್ತಿದರೆ ಟೀ ಹೊತ್ತಿಗೆ ಮನೆಯಲ್ಲಿರುತ್ತೀಯ. ಅಲ್ಲಿ ನನ್ನ ತಂಗಿ ಲಕ್ಷ್ಮಮ್ಮನ ಮನೆಯ ಮೇಲಿನ ರೂಮು ಖಾಲಿ ಇದೆ. ‘ಯಾರಿಗೂ ಬಾಡಿಗೆಗೆ ಕೊಡಬ್ಯಾಡ ಕಣೇ, ನನಗೆ ಬೇಕು’ ಎಂದು ಹೇಳಿ ಕಳಿಸಿದ್ದೇನೆ. ಯಾಕೆ ಎಂದು ಕೇಳಿದ್ದಕ್ಕೆ ಮಗನ ಜೊತೆ ಜಗಳವಾಗಿದೆ, ಬಂದು ಇರುತ್ತೇನೆ ಎಂದೆ. ಪಾಪ, ನಂಬಿಬಿಟ್ಟಳು. ಎರಡು ದಿನಕ್ಕೊಮ್ಮೆ ನಿಮ್ಮಮ್ಮನಿಗೆ ಫೋನು ಮಾಡಿ ‘ಅಕ್ಕ ಹೆಂಗಿದಾಳೆ?’ ಎಂದು ಕೇಳುತ್ತಾಳಂತೆ.

ನಿಮ್ಮಪ್ಪ ಸಣ್ಣಪ್ಪ ನಿನ್ನ ಜಾತಕ ಬರೆಸಲು ಕೊಟ್ಟಿದ್ದಾನೆ. ಈ ದಸರಾ ಕಳೆದರೆ ಜನ ಬರುವುದು ಶುರುವಾಗುತ್ತದೆ ಎಂದು ಕಾಣುತ್ತದೆ. ನೀನು ಅದರ ಕಡೆ ತಲೆ ಹಾಕಬೇಡ. ಬಂದವರನ್ನು ನಾನು ನೋಡಿಕೊಳ್ಳುತ್ತೇನೆ.

ಭೀಮಕ್ಕ


ಚನ್ನಗಿರಿ
6 ಅಕ್ಟೋಬರ್ 2024

ಅಜ್ಜಿ,

ಇಂಟರ್‌ವ್ಯೂ ಆಯಿತು. ಮಂಡಿಯಲ್ಲಿ ಹಲ್ಲುನೋವು ಎಂದು ಹೇಳಿ ಒಂದು ದಿನ ರಜೆ ಪಡೆದೆ. ಅದೇ ದೊಡ್ಡ ಪಾಡಾಯಿತು. ಮಾರನೇ ದಿನ ಮಲ್ಲೇಶಪ್ಪನವರ ಹೆಂಡತಿ ಲವಂಗದ ಎಣ್ಣೆ ತಂದು ನಿಂತರು. ‘ಬಾಯಿ ತೆಗಿ, ಯಾವ ಹಲ್ಲು?’ ಎಂದರು. ಯಾವುದೋ ಒಂದು ತೋರಿಸಿದೆ. ಮಧ್ಯಾಹ್ನ ಮನೆಯಿಂದ ಗಂಜಿ ಕಳಿಸಿದರು. ಎಲ್ಲರೂ ಬುತ್ತಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ತಿನ್ನುವಾಗ ನಾನು ಗಂಜಿ ಕುಡಿದೆ. ಅವರು ಇಷ್ಟು ಒಳ್ಳೆಯವರಾಗಿರುವುದೇ ನನಗೆ ಕಷ್ಟ. ಕೆಟ್ಟವರಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದೆ.

ಸಂಘದವರು ಹೆಚ್ಚು ಕೇಳಲಿಲ್ಲ. ಒಂದು ತಿಂಗಳ ಜಮಾ-ಖರ್ಚು ಮುಂದಿಟ್ಟು ತಾಳೆ ನೋಡು ಎಂದರು. ನೋಡಿಕೊಟ್ಟೆ. ನಮ್ಮ ಹಳ್ಳಿಗಳಿಗೂ ಹೋಗಿ ಬರಬೇಕಾಗುತ್ತದೆ, ಆಗುತ್ತಾ ಎಂದರು. ಆಗುತ್ತದೆ ಎಂದೆ. ಕಾರ್ಯದರ್ಶಿ ಒಬ್ಬ ಹೆಂಗಸು. ಅವರು ಟೇಬಲ್ಲಿನ ಹಿಂದೆ ಕೂತು, ಬಂದ ಗಂಡಸರಿಗೆ ‘ಕೂತ್ಕಳ್ರಿ’ ಎಂದು ಹೇಳುವುದನ್ನು ನೋಡಿ ನನಗೆ ಆ ಕೆಲಸದ ಮೇಲೆ ಇನ್ನೂ ಆಸೆ ಬಂತು.

ತಿಂಗಳ ಕೊನೆಯೊಳಗೆ ತಿಳಿಸುತ್ತಾರಂತೆ. ಲಕ್ಷ್ಮಮ್ಮಜ್ಜಿಯ ರೂಮಿನ ವಿಷಯ ಈಗಲೇ ಬೇಡ. ಆಮೇಲೆ ಹೇಳುತ್ತೇನೆ.

ಅಕ್ಷಿತಾ


ಸವಳಂಗ
22 ಅಕ್ಟೋಬರ್ 2024

ಅಕ್ಷಿತಾ,

ಇವತ್ತು ನಿನ್ನನ್ನು ಬೈಯುವುದಿಲ್ಲ. ನಾನು ಒಳ್ಳೆಯ ಕೆಲಸ ಮಾಡಿದ್ದೇನೆ, ಅದನ್ನು ಬರೆಯಬೇಕು.

ಮೊನ್ನೆ ಭಾನುವಾರ ನಿಮ್ಮಪ್ಪ ಅಮ್ಮ ಇಬ್ಬರೂ ಮೆಕ್ಕೆಜೋಳ ಮುರಿಯಲು ಹೋಗಿದ್ದರು. ನಾನು ಜಗಲಿಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದೆ. ಗಂಡ ಹೆಂಡತಿ ಇಬ್ಬರು ಬಂದರು. ಗಂಡನಿಗೆ ಹೆಗಲ ಮೇಲೆ ಕಂಬಳಿ, ಮೀಸೆ ಬೆಳ್ಳಗಾಗಿದೆ. ಹೆಂಡತಿ ಅವನಿಗಿಂತ ಬಹಳ ಚಿಕ್ಕವಳು, ಎರಡನೇ ಸಂಬಂಧ ಇರಬೇಕು. ಕೈಯಲ್ಲಿ ಬ್ಯಾಗು, ಕಾಲಿಗೆ ಶೂ.

‘ಇದು ಸಣ್ಣಪ್ಪರ ಮನೇನಾ? ಚನ್ನಗಿರಿಯಾಗೆ ಕೆಲಸ ಮಾಡೋ ಹುಡುಗಿ ಮನೆ?’ ಎಂದ.

‘ಹೌದು. ನಾನು ಅವರಜ್ಜಿ. ನೀವು ಯಾವ ಕಡೆಯೋರು?’

‘ನಾವು ಜಗಳೂರಿನೋರು. ನನ್ನ ಹೆಸರು ತಿಪ್ಪೇರುದ್ರ. ಹಿಂಗೇ ಈ ಕಡೆ ಬಂದಿದ್ವಿ. ಹುಡುಗಿ ವಿಚಾರವಾಗಿ ಒಂದೆರಡು ಮಾತು ಕೇಳಾನ ಅಂತ.’

ಹಿಂಗೇ ಈ ಕಡೆ ಬಂದಿದ್ದರಂತೆ! ಜಗಳೂರಿನಿಂದ ಸವಳಂಗಕ್ಕೆ ಯಾರಾದರೂ ಹಿಂಗೇ ಬರುತ್ತಾರೆಯೇ? ಗಂಡಿನ ಕಡೆಯವರೆಂದು ಅಲ್ಲೇ ಗೊತ್ತಾಯಿತು. ನಿಮ್ಮಪ್ಪ ಊರೂರಿಗೆ ಹೇಳಿ ಕಳಿಸಿದ್ದಾನೆ, ಬಂದಿದ್ದಾರೆ. ಕೂರಿಸಿ ಟೀ ಕೊಟ್ಟೆ, ಮಂಡಕ್ಕಿ ಕೊಟ್ಟೆ. ಮನೆಗೆ ಬಂದವರ ಹೊಟ್ಟೆಯ ಮೇಲೆ ನನಗೇನು ಕೋಪ.

ಈಗ ಮದುವೆ ಗೊತ್ತಾದರೆ ನಿನ್ನ ಹೊನ್ನಾಳಿ ಕೆಲಸ ಅಲ್ಲಿಗೆ ಮುಗಿಯಿತು. ಅವರಾಗಿಯೇ ಬೇಡ ಎಂದು ಎದ್ದು ಹೋಗಬೇಕು, ನಿಮ್ಮಪ್ಪನ ಕಿವಿಗೂ ಬೀಳಬಾರದು. ಅದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತು. ನನ್ನ ಅತ್ತೆ ತನ್ನ ಕಿರಿಮಗಳಿಗೆ ಬೇಡವಾದ ಗಂಡುಗಳನ್ನೆಲ್ಲ ಹೀಗೆಯೇ ಸಾಗಹಾಕಿದ್ದಳು.

‘ಹುಡುಗಿ ಗುಣ ಹೆಂಗಮ್ಮ?’ ಎಂದ ತಿಪ್ಪೇರುದ್ರ.

‘ಗುಣಕ್ಕೇನು, ಐತೆ. ಒಂದು ಮಾತು ಅಂದ್ರೆ ಮೂರು ಮಾತು ವಾಪಸ್ ಕೊಡ್ತಾಳೆ.’

‘ನಮ್ದು ಬಿಸಿಲ ಸೀಮೆ. ನಮ್ಮ ಕಡೆ ಬಂದ್ರೆ ನಿಲ್ತಾಳಾ?’

‘ಎಲ್ಲಿ ನಿಲ್ತಾಳಪ್ಪಾ! ಒಂದು ದಿನ ನಲ್ಲಿ ನೀರು ಬರ್ಲಿಲ್ಲ ಅಂದ್ರೆ ಬ್ಯಾಗು ಎತ್ಕೊಂಡು ಬಸ್ ಹತ್ತೋಳು ಅವಳು.’

ಹೆಂಗಸು ಬಾಯಿ ತೆಗೆದಳು. ‘ಲೆಕ್ಕ ಬಾಳ ಚೆನ್ನಾಗಿ ಮಾಡ್ತಾಳೆ ಅಂತ ನಮ್ಗೆ ಕಂಡಿತ್ತಲ್ಲ ಅಜ್ಜಿ?’

ಮನೆ ಖರ್ಚಿನ ಮೇಲೆ ಬಹಳ ಬಿಗಿ ಇರುವ ಅತ್ತೆ ಎಂದುಕೊಂಡೆ. ‘ಲೆಕ್ಕನಾ? ಸಂತೆಗೆ ಕಳಿಸಿದ್ರೆ ಚಿಲ್ಲರೆನ ಅಂಗಡಿಯೋನ ಹತ್ರನೇ ಬಿಟ್ಟು ಬರ್ತಾಳೆ. ನಾನೇ ಹಿಂದೆಯಿಂದ ಓಡಬೇಕು’ ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಪ್ಪೇರುದ್ರ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಆಯ್ತಮ್ಮ, ನಿಮ್ಮ ಮನಸ್ಸು ಗೊತ್ತಾಯ್ತು’ ಎಂದು ಕಂಬಳಿ ಕೊಡವಿ ಎದ್ದ. ಹೆಂಗಸಿಗೆ ಕುಂಕುಮ ಕೊಟ್ಟು ಕಳಿಸಿದೆ. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ನೀನು ನಿಶ್ಚಿಂತೆಯಿಂದ ಹೊನ್ನಾಳಿಯವರ ಉತ್ತರ ಕಾಯುತ್ತಿರು.

ಭೀಮಕ್ಕ


ಚನ್ನಗಿರಿ
28 ಅಕ್ಟೋಬರ್ 2024

ಅಜ್ಜಿ,

ಅವರು ಗಂಡ ಹೆಂಡತಿ ಅಲ್ಲ. ಗಂಡಿನ ಕಡೆಯವರೂ ಅಲ್ಲ. ಕೆಲಸ ಕೊಡುವವರು.

ತಿಪ್ಪೇರುದ್ರ ಅವರು ಜಗಳೂರಿನ ಕುರಿ ಸಾಕುವವರ ಸಹಕಾರ ಸಂಘದ ಅಧ್ಯಕ್ಷರು. ಜೊತೆಗೆ ಬಂದದ್ದು ಕಾರ್ಯದರ್ಶಿ ದುರ್ಗಾಂಬಿಕಾ ಮೇಡಂ. ಟೇಬಲ್ಲಿನ ಹಿಂದೆ ಕೂತಿದ್ದರು ಎಂದು ಬರೆದಿದ್ದೆನಲ್ಲ, ಅವರೇ. ಕೆಲಸ ಹೊನ್ನಾಳಿಯಲ್ಲಿ ಅಲ್ಲ, ಜಗಳೂರಿನಲ್ಲಿ. ಅಷ್ಟು ದೂರ, ಆ ಬಿಸಿಲಿಗೆ ಎಂದರೆ ನೀನು ಅಸಲು ಕಾರ್ಡು ಕಳಿಸುವುದಿಲ್ಲ ಎಂದು ಸುಳ್ಳು ಬರೆದೆ.

ಮನೆಯಲ್ಲಿ ಹೇಗೆ ಎಂದು ಬಂದು ಕೇಳುತ್ತೇವೆ ಎಂದು ಅವರು ಇಂಟರ್‌ವ್ಯೂ ದಿನವೇ ಹೇಳಿದ್ದರು. ಅಪ್ಪನಿಗೆ ಗೊತ್ತಿಲ್ಲ, ದಯವಿಟ್ಟು ಕೆಲಸದ ಮಾತು ಎತ್ತಬೇಡಿ ಎಂದು ನಾನೇ ಬೇಡಿಕೊಂಡಿದ್ದೆ. ಪಾಪ, ಅವರು ಎತ್ತಲಿಲ್ಲ. ಬರುತ್ತಾರೆಂದು ಬರೆದರೆ ಜಗಳೂರು ಎಂದು ಗೊತ್ತಾಗಿಬಿಡುತ್ತದೆ ಎಂದು ನಿನಗೂ ಬರೆಯಲಿಲ್ಲ.

ನಿನ್ನ ಕಾಗದ ಬರುವ ಹಿಂದಿನ ದಿನ ಮೇಡಂ ಫೋನ್ ಮಾಡಿದ್ದರು. ‘ನಿಮ್ಮ ಮನೆಯೋರಿಗೆ ಮನಸ್ಸಿಲ್ಲಮ್ಮ, ಬ್ಯಾಡ ಬಿಡಿ’ ಎಂದರು. ನನಗೆ ಏನೂ ಅರ್ಥವಾಗಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಕ್ಕರು. ಆದರೆ ನಂಬಿದಂತೆ ಕಾಣಲಿಲ್ಲ. ‘ಹಂಗಿದ್ರೆ ಮನೆಯೋರಿಂದಲೇ ಒಂದು ಮಾತು ಹೇಳ್ಸಮ್ಮ’ ಎಂದರು. ಮನೆಯವರು ಎಂದರೆ ಅಪ್ಪ. ಅದು ಆಗುವ ಮಾತಲ್ಲ.

ಲೆಕ್ಕ ಬರುವುದಿಲ್ಲ ಎಂದೆಯಲ್ಲ ಅಜ್ಜಿ. ಉಳಿದದ್ದು ಏನಾದರೂ ಅನ್ನು. ಲೆಕ್ಕ ಬರುವುದಿಲ್ಲ ಎಂದೆಯಲ್ಲ.

ಅಕ್ಷಿತಾ


ಚನ್ನಗಿರಿ
10 ನವೆಂಬರ್ 2024

ಅಜ್ಜಿ,

ಉತ್ತರ ಬರಲಿಲ್ಲ. ಕೋಪ ಬಂದಿದೆಯೇ? ಸಿಟ್ಟಿನಲ್ಲಿ ಬರೆದುಬಿಟ್ಟೆ. ಸುಳ್ಳು ಶುರು ಮಾಡಿದವಳು ನಾನೇ.

ದೀಪಾವಳಿಗೆ ಬರಲಾಗಲಿಲ್ಲ. ಮಂಡಿಯ ಲಕ್ಷ್ಮೀಪೂಜೆಗೆ ನಾನೇ ಇರಬೇಕು ಎಂದರು. ಅಡಿಕೆ ಸೀಸನ್ ಬೇರೆ. ಹೊಸ ಸೀರೆ ಕೊಟ್ಟರು. ಒಳ್ಳೆಯ ಸೀರೆ. ಪೂಜೆಗೆ ಬಂದವರೊಬ್ಬರು ‘ಯಾರು ಈ ಹುಡುಗಿ?’ ಎಂದು ಕೇಳಿದರು. ಮಲ್ಲೇಶಪ್ಪನವರು ಏನು ಹೇಳಿದರೆಂದು ನಿನಗೆ ಗೊತ್ತು.

ಜಗಳೂರಿನದು ಹೋದರೆ ಹೋಯಿತು. ಹರಿಹರದಲ್ಲಿ ಇನ್ನೊಂದು ಇದೆಯಂತೆ, ಮುಂದಿನ ವರ್ಷ. ನಿನ್ನೆ ಅಮ್ಮ ಫೋನಿನಲ್ಲಿ ನಿನಗೆ ಮೊಣಕಾಲು ಊದಿದೆ ಎಂದರು. ಯಾಕೆ ಊದಿತು? ಒಂದು ಸಾಲಾದರೂ ಬರಿ.

ಅಕ್ಷಿತಾ


ಸವಳಂಗ
17 ನವೆಂಬರ್ 2024

ಅಕ್ಷಿತಾ,

ಮೊಣಕಾಲು ಊದಿದ್ದು ಬಸ್ಸಿನಲ್ಲಿ ಕೂತು ಕೂತು. ತಪ್ಪು ನನ್ನದೋ ನಿನ್ನದೋ ಎಂದು ತೂಗುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ, ಅದಕ್ಕೇ ಉತ್ತರ ಬರೆಯಲಿಲ್ಲ. ಹಬ್ಬ ಮುಗಿಯಲಿ ಎಂದು ಕಾದು, ಲಕ್ಷ್ಮಮ್ಮನ ಮನೆಗೆ ಹೋಗುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿ ಹೊರಟೆ. ಹೊನ್ನಾಳಿಯಲ್ಲಿ ಇಳಿದು ದಾವಣಗೆರೆ ಬಸ್ಸು, ಅಲ್ಲಿಂದ ಜಗಳೂರು ಬಸ್ಸು. ಆಧಾರ್ ಕಾರ್ಡು ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಅದು ಸರ್ಕಾರದ ಕೆಂಪು ಬಸ್ಸಿಗೆ ಮಾತ್ರ. ಆ ಕೆಂಪು ಬಸ್ಸು ಬರುವಷ್ಟರಲ್ಲಿ ನನ್ನ ಎಲೆಅಡಿಕೆ ಎಲ್ಲ ಖಾಲಿಯಾಯಿತು.

ನೀನು ಬರೆದಷ್ಟೇನೂ ಬಿಸಿಲಿಲ್ಲ ಅಲ್ಲಿ. ರಸ್ತೆಯ ತುಂಬ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನನಗೆ ಹುರಿದ ಶೇಂಗಾ ಕೊಟ್ಟಳು. ಸಂಘದ ಆಫೀಸು ಬಸ್‌ಸ್ಟ್ಯಾಂಡಿನ ಹಿಂದೆ. ಒಳಗೆ ಉಣ್ಣೆಯ ಮೂಟೆ, ಕುರಿಗೆ ಕುಡಿಸುವ ಔಷಧಿಯ ಡಬ್ಬಿ.

ದುರ್ಗಾಂಬಿಕಾ ನನ್ನನ್ನು ನೋಡಿದ್ದೇ ಕುರ್ಚಿ ಬಿಟ್ಟು ಎದ್ದಳು. ‘ಅಜ್ಜಿ, ಅವತ್ತು ನಿಮ್ಮ ಯಜಮಾನ್ರಿಗೆ ಇನ್ನೊಂದು ಲೋಟ ಟೀ ಕೊಡ್ಲಾ ಅಂತ ನನ್ನ ಕೇಳಿದ್ರಲ್ಲ, ನಿಮ್ಗೆ ಕಣ್ಣು ಮಂಜು ಅನ್ಕೊಂಡಿದ್ದೆ ನಾನು!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿಪ್ಪೇರುದ್ರನನ್ನು ಕರೆಸಿದಳು. ಅವನು ನಗಲಿಲ್ಲ.

‘ಅವತ್ತು ನಾನು ಹೇಳಿದ್ದು ಎಲ್ಲಾ ಸುಳ್ಳು. ಗಂಡಿನ ಕಡೇರು ಅಂತ ಸಾಗಹಾಕಾಕೆ ಹೇಳಿದ್ದು. ನನ್ನ ಮೊಮ್ಮಗಳ ಹಂಗೆ ಲೆಕ್ಕ ಬರೆಯೋರು ನಿಮ್ಮ ತಾಲ್ಲೂಕಿನಾಗೆ ಇಲ್ಲ’ ಎಂದೆ.

‘ಸುಳ್ಳು ಅಂತ ಅವತ್ತೇ ಗೊತ್ತಿತ್ತು ಬಿಡಮ್ಮ’ ಎಂದ ಅವನು. ‘ಸಂತೆಯಾಗೆ ಕುರಿ ಕೊಡಾಕೆ ಮನಸ್ಸಿಲ್ದೋನು ಹಿಂಗೇ ಮಾತಾಡ್ತಾನೆ. ಇದು ಕುಂಟ್ತದೆ, ಇದು ಮೇಯಲ್ಲ, ಇದ್ರ ಹಲ್ಲು ಸರಿ ಇಲ್ಲ ಅಂತಾನೆ. ಕುರಿ ನೋಡಿದ್ರೆ ಗುಂಡಕಲ್ಲು ಇದ್ದಂಗೆ ಇರ್ತದೆ. ನೀವು ಹುಡುಗೀನ ತೆಗಳಿದ್ದು ಒಂದೂ ನಾನು ನಂಬ್ಲಿಲ್ಲ. ಆದ್ರೆ ಈ ಮನೆಯೋರಿಗೆ ಕಳಿಸಾಕೆ ಮನಸ್ಸಿಲ್ಲ ಅನ್ನೋದನ್ನ ನಂಬಿದೆ. ಈ ಹಿಂದೆ ಇಬ್ರು ಹುಡುಗೀರು ಸೇರಿದ್ರು. ಕೆಲಸ ಕಲಿಯೋ ಹೊತ್ತಿಗೆ ಮದುವೆ ಅಂತ ಇಬ್ರನ್ನೂ ಅಪ್ಪಂದಿರು ಬಂದು ಕರ್ಕೊಂಡೋದ್ರು. ಹುಡುಗಿ ಅಪ್ಪ ಒಂದು ಮಾತು ಹೇಳ್ಲಿ. ಬರೋ ವಾರ ಶನಿವಾರ ಮೀಟಿಂಗ್ ಐತೆ, ಅವತ್ತು ಯಾರನ್ನಾದ್ರೂ ಒಬ್ರನ್ನ ತಗೋಬೇಕು.’

‘ಆ ಅಪ್ಪನ್ನ ಹೆತ್ತೋಳು ನಾನು, ಆ ಮನೆ ಯಜಮಾನಿ. ನನ್ನ ಮಾತು ಸಾಲಲ್ವಾ?’

‘ನಿಮ್ಮ ಮಾತು ಒಂದ್ಸಲ ಕೇಳಿದೀವಲ್ಲ ಅಜ್ಜಿ’ ಎಂದಳು ದುರ್ಗಾಂಬಿಕಾ.

ನನ್ನ ಬಾಯಿ ಮುಚ್ಚಿಸಿದವರು ಬಹಳ ಜನ ಇಲ್ಲ. ಅವಳ ಕೈಕೆಳಗೆ ನೀನು ಕೆಲಸ ಮಾಡಬೇಕು ಎಂದು ನನಗೆ ಆಗ ಅನ್ನಿಸಿತು.

ಬಂದು ನಿಮ್ಮಪ್ಪನಿಗೆ ಹೇಳಿದೆ. ಅಪ್ಪನಿಗೆ ಹೇಳಬೇಡ ಎಂದು ನೀನು ಬರೆದದ್ದು ಮರೆತಿರಲಿಲ್ಲ. ಬೇರೆ ದಾರಿ ಇರಲಿಲ್ಲ, ಹೇಳಿದೆ. ಅವನು ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಕುರಿ ಸಂಘದವರೆಗೆ ಎಲ್ಲ ಹೇಳಿದೆ. ಕೈಯಲ್ಲಿದ್ದ ಹುಲ್ಲಿನ ಕಟ್ಟು ಹಾಗೆಯೇ ಇತ್ತು.

‘ನಾನು ಮಲ್ಲೇಶಪ್ಪನಿಗೆ ಹೇಳಿಬಿಡ್ತೀನಿ ಅಂತ ನನ್ನಿಂದ ಮುಚ್ಚಿಟ್ಲಾ?’ ಎಂದ.

‘ಹೌದು.’

ಹುಲ್ಲನ್ನು ಎತ್ತಿನ ಮುಂದೆ ಹಾಕಿ, ‘ಹೇಳ್ತಿದ್ದೆ. ಸುಳ್ಳೇನಲ್ಲ’ ಎಂದ. ‘ಆದ್ರೆ ಅಲ್ಲಿ ಕಷ್ಟ ಐತೆ ಅಂತ ನನ್ನ ಹತ್ರ ಒಂದ್ಸಲನಾದ್ರೂ ಅಂದ್ಲಾ ಅವಳು?’

‘ಅಂದ್ಲು. ಯುಗಾದಿಗೆ ಬಂದಾಗ ಭಾನುವಾರನೂ ರಜಾ ಕೊಡಲ್ಲ ಅಪ್ಪಾ ಅಂದ್ಲು. ದೊಡ್ಡೋರ ಮನೆ, ಹೊಂದ್ಕೊಂಡು ಹೋಗು ಅಂತ ನೀನು ಟಿವಿ ನೋಡ್ಕೊಂಡೇ ಹೇಳ್ದೆ.’

ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಮೊನ್ನೆ ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಬೈಕು ಇಲ್ಲ. ಚನ್ನಗಿರಿಗೆ ಹೋಗಿದ್ದಾನೆ, ಮಲ್ಲೇಶಪ್ಪನ ಮುಂದೆ ಎಲ್ಲ ಒದರಿ ನಿನ್ನನ್ನು ಕರೆದುಕೊಂಡೇ ಬರುತ್ತಾನೆ ಎಂದುಕೊಂಡೆ. ನಿಮ್ಮಮ್ಮ ಫೋನು ಮಾಡಿದರೆ ಎತ್ತಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ. ಒಬ್ಬನೇ ಬಂದ. ತಲೆ, ಹುಬ್ಬು ಎಲ್ಲ ಧೂಳು. ನೀರು ಕೊಟ್ಟೆ. ಕುಡಿದು, ನನ್ನ ಕಡೆ ನೋಡದೆ ಹೇಳಿದ:

‘ಆಫೀಸು ಪರವಾಗಿಲ್ಲ. ಅವಳು ಉಳ್ಕೊಳ್ಳಾಕೆ ಅಂತ ಸಂಘದೋರು ತೋರಿಸಿದ ಮನೆ ನೋಡ್ದೆ. ಮೂರು ಜನ ಟೀಚರಮ್ಮಂದಿರು ಇದಾರೆ. ಬಾಗಿಲಿಗೆ ಒಳಗಿಂದ ಚಿಲಕ ಸರಿಯಾಗಿ ಬೀಳ್ತಿರ್ಲಿಲ್ಲ, ಬಡಿದು ಸರಿ ಮಾಡಿ ಬಂದೆ.’

‘ಆ ತಿಪ್ಪೇರುದ್ರಂಗೆ ಏನು ಹೇಳ್ದೆ?’

‘ನನ್ನ ಮಗಳನ್ನ ಕರ್ಕೊಂಡೋಗಾಕೆ ನಾನು ಬರಲ್ಲ, ಅವಳೇ ಬಂದ್ರೆ ಬರ್ಲಿ ಅಂದೆ.’

ಅಷ್ಟೇ. ನಿನ್ನೆ ಮೀಟಿಂಗ್ ಆಯಿತು. ಸಂಜೆ ದುರ್ಗಾಂಬಿಕಾ ನಿಮ್ಮಪ್ಪನ ಫೋನಿಗೇ ತಿಳಿಸಿದಳು. ಕೆಲಸ ನಿನ್ನದು. ಹೊಸ ವರ್ಷದ ಮೊದಲ ವಾರ ಸೇರಬೇಕು. ನಿನ್ನ ಹೆಸರಿನ ಆರ್ಡರ್ ರೂಮಿನ ವಿಳಾಸಕ್ಕೆ ಬರುತ್ತದೆ.

ಇನ್ನು ನಿನ್ನ ಪಾಲಿನ ಕೆಲಸ. ಆರ್ಡರ್ ಕೈಗೆ ಬಂದ ದಿನವೇ ಮಲ್ಲೇಶಪ್ಪನಿಗೆ ನೀನೇ ಹೇಳಬೇಕು. ಎದುರಿಗೆ ನಿಂತು ಹೇಳು, ಅವನ ಹೆಂಡತಿಯ ಹತ್ತಿರ ಹೇಳಿಸಬೇಡ. ಸೀಸನ್ ನಡುವೆ ಕೈಬಿಟ್ಟು ಬರಬೇಡ, ಡಿಸೆಂಬರ್ ಪೂರ್ತಿ ದುಡಿದು, ಬರುವವರಿಗೆ ಕೆಲಸ ತೋರಿಸಿಕೊಟ್ಟು ಬಾ. ಅವರು ಅತ್ತರೆ ನೀನೂ ಬೇಕಾದರೆ ಅಳು, ಆದರೆ ಮಾತು ಬದಲಿಸಬೇಡ. ಅವರು ನಿನಗೆ ಗಂಜಿ ಕೊಟ್ಟವರು, ಕೆಟ್ಟ ಮಾತು ಆಡಿ ಬರಬೇಡ.

ತಾನು ಜಗಳೂರಿಗೆ ಹೋಗಿ ಬಂದದ್ದನ್ನು ನಿನಗೆ ಬರೆಯಬಾರದಂತೆ, ನಿಮ್ಮಪ್ಪನ ಆಜ್ಞೆ. ಬರೆದಿದ್ದೇನೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ‘ಅವಳು ನಿನಗೆ ಕಾಗದ ಬರೀತಾಳಲ್ಲ, ಏನೇನು ಬರೀತಾಳೆ?’ ಎಂದು ಕೇಳಿದ. ಏನೋ ಹುಡುಗಿ ಮಾತು, ನಿನಗ್ಯಾಕೆ ಎಂದೆ. ಸರಿ ಎಂದು ಅನ್ನ ಕಲಸಿಕೊಂಡ. ಆಮೇಲೆ ತಲೆ ಎತ್ತಲಿಲ್ಲ.

ಡಿಸೆಂಬರ್ ಹುಟ್ಟುವುದರೊಳಗೆ ಉತ್ತರ ಬರಬೇಕು. ಒಂದಲ್ಲ, ಎರಡು ಬರಬೇಕು. ನನ್ನದು ತಡವಾದರೂ ನಡೆಯುತ್ತದೆ. ಸಣ್ಣಪ್ಪ ಎಂದು ಹೆಸರು ಬರೆದದ್ದು ಮೊದಲು ಬರಲಿ.

ಭೀಮಕ್ಕ